ಸಿದ್ದಾರ್ಥನ ಗಿಣಿ

ಮಂಗಳವಾರ ಬೆಳಿಗ್ಗೆ ನಳ ಬಂತು. ನಮ್ಮ ಓಣಿಗೆ ಐದು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಹಿಂದಿನ ಸಲ ಬಿಟ್ಟಾಗ ನನ್ನ ಮಗ ರಫೀ ಇದ್ದ. ಜ್ವರದಲ್ಲಿ ಮಲಗಿದ್ದವನು ಕೊಡದ ಸದ್ದಿಗೆ ಎದ್ದು ಬಂದು ನನ್ನ ಕಾಲು ಹಿಡಿದು ನಿಂತಿದ್ದ. ಈ ಸಲ ಹದಿನಾಲ್ಕು ಕೊಡ ತುಂಬಿದೆ. ಯಾರೂ ಅಡ್ಡ ಬರಲಿಲ್ಲ.

ಶನಿವಾರ ಅವನನ್ನು ಮಣ್ಣು ಮಾಡಿದ್ದರು. ಸೋಮವಾರ ಮೂರನೇ ದಿನದ ಜಿಯಾರತ್ ಮುಗಿಯಿತು. ಕುಷ್ಟಗಿಯಿಂದ, ಗಂಗಾವತಿಯಿಂದ ಬಂದ ನೆಂಟರು ಸಂಜೆಯ ಬಸ್ಸಿಗೆ ಹೋದರು. ಉಳಿದವರು ನಾನು ಮತ್ತು ನನ್ನ ಅತ್ತೆ ಕಾಸೀಮಬೀ. ಅತ್ತೆಯ ಮಗ ವಾಹೀದ, ಅಂದರೆ ನನ್ನ ಗಂಡ, ಎರಡು ವರ್ಷದ ಹಿಂದೆ ಕರೆಂಟಿನ ಕಂಬದ ಮೇಲೆ ತೀರಿಕೊಂಡ. ಅವನು ಲೈನ್‌ಮನ್. ಆಗ ರಫೀಗೆ ಒಂದೂವರೆ ವರ್ಷ. ಈಗ ಮೂರೂವರೆ.

ಎಂಟೂವರೆಗೆ ಸಾಲೆಯ ಆಟೋ ಬಂತು. ಮಕ್ಬುಲಸಾಬ ನಮ್ಮ ಬಾಗಿಲ ಮುಂದೆ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದರು. ಆಮೇಲೆ ನೆನಪಾಯಿತು. ಇಂಜಿನ್ ಬಂದ್ ಮಾಡಿ ಕೆಳಗಿಳಿದು ಟೋಪಿ ಸರಿಮಾಡಿಕೊಂಡರು.

"ಕೈ ತಾನಾ ಒತ್ತಿತವಾ," ಅಂದರು. "ನಂದೇನೂ ಇಲ್ಲ, ಕೈದಾ ತಪ್ಪು."

"ಇರ್ಲಿ ಕಾಕಾ," ಅಂದೆ.

ಆಟೋದಲ್ಲಿ ಆರು ಮಕ್ಕಳಿದ್ದರು. ತುದಿಯಲ್ಲಿ ಕೂತ ಒಂದು ಹುಡುಗಿ ತನ್ನ ಅಂಗೈಯಲ್ಲಿ ಒಣಗಿದ ಚರ್ಮದ ಸಿಪ್ಪೆ ಕೀಳುತ್ತಿದ್ದಳು. ಗುಳ್ಳೆ ವಾಸಿಯಾದ ಮೇಲೆ ಹಾಗೆ ಏಳುತ್ತದೆ. ಅವಳಿಗೆ ವಾಸಿಯಾಗಿತ್ತು.

ಕಸ ಗುಡಿಸುವಾಗ ಮಂಚದ ಕೆಳಗೆ ಗಿಣಿ ಸಿಕ್ಕಿತು. ಕಿನ್ನಾಳದ ಕಟ್ಟಿಗೆಯ ಗಿಣಿ, ಗೇಣುದ್ದ, ಹಸಿರು ಮೈ, ಕೊರಳಿಗೆ ಬಂಗಾರದ ಗೆರೆ, ಕೆಂಪು ಕೊಕ್ಕು. ಅದು ನಮ್ಮದಲ್ಲ. ಸಾಲೆ ನಡೆಸುವ ಸುರೇಖಾ ಅಕ್ಕನ ಮಗ ಸಿದ್ದಾರ್ಥನದು. ಅವನಿಗೂ ಮೂರೂವರೆ. ಊರಿಗೆ ಹೋಗುವ ದಿನ ರಫೀಗೆ ಕೊಟ್ಟು ಹೋಗಿದ್ದನಂತೆ. "ಸಿದ್ದು ಬರೂತನಕ ನಂದು," ಎಂದು ರಫೀ ನನಗೆ ಹೇಳಿದ್ದ. "ಬಂದಮ್ಯಾಲೆ ಅವಂದು." ಬಾಯಲ್ಲಿ ಗುಳ್ಳೆ ಎದ್ದು ಅನ್ನ ನುಂಗಲು ಆಗದ ಎರಡು ದಿನ ಅವನು ಗಿಣಿಯ ಕೊಕ್ಕನ್ನು ಕಚ್ಚಿಕೊಂಡೇ ಮಲಗಿದ್ದ. ಕೆಂಪು ಬಣ್ಣದ ಮೇಲೆ ನಾಲ್ಕು ಹಲ್ಲಿನ ಗುರುತು ಬಿದ್ದಿದ್ದವು. ಮೇಲೆ ಎರಡು, ಕೆಳಗೆ ಎರಡು.

ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಕಪಾಟಿನ ಮೇಲಿಟ್ಟೆ. ಯಾಕೆ ಕಟ್ಟಿದೆ ಎಂದು ಆಗ ಯೋಚಿಸಲಿಲ್ಲ. ಕೈಗೆ ರೂಢಿಯಿತ್ತು. ನಾನು ಕಲಬುರಗಿಯಲ್ಲಿ ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಇಲ್ಲಿ ಯಲಬುರ್ಗಾದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇಂಥ ಗುಳ್ಳೆ ತರುವ ಎಂಟೆರೊವೈರಸ್ಸುಗಳನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಎರಡು ಅಂಕದ ಪ್ರಶ್ನೆ.

ಹಿಂದಿನ ಬುಧವಾರ ರಫೀಗೆ ಜ್ವರ ಬಂದಿತ್ತು. ಗುರುವಾರ ಅಂಗೈ, ಅಂಗಾಲು, ಬಾಯಿಯಲ್ಲಿ ಗುಳ್ಳೆ. ಸಾಲೆಯ ವಾಟ್ಸಾಪ್ ಗುಂಪಿನಲ್ಲಿ ಸುರೇಖಾ ಅಕ್ಕ ಅದಕ್ಕೂ ಹಿಂದಿನ ವಾರ ಬರೆದಿದ್ದಳು: ಕೆಲವು ಮಕ್ಕಳಿಗೆ ಉಷ್ಣದ ಗುಳ್ಳೆ ಆಗಿವೆ, ಎಳನೀರು ಕುಡಿಸಿರಿ, ಚಿಂತೆ ಬೇಡ. ನಾನು ಎಳನೀರು ಕುಡಿಸಿದೆ.

ಶುಕ್ರವಾರ ಮಧ್ಯಾಹ್ನ ಮಲಗಿದ್ದವನು ಎರಡೂ ಕೈ ಮೇಲೆತ್ತಿ ಜಿಗಿದ, ಎತ್ತರದಿಂದ ಯಾರೋ ಕೈಬಿಟ್ಟ ಹಾಗೆ. ಮತ್ತೆ ನಿದ್ದೆಗೆ ಹೋದ. ಮತ್ತೆ ಜಿಗಿದ. ಅರ್ಧ ತಾಸಿನಲ್ಲಿ ಏಳು ಸಲ.

"ಕೂಸು ಅಂಜೇತಿ," ಅಂದರು ಅತ್ತೆ.

ನಮ್ಮ ಕಡೆ ಮಗು ನಿದ್ದೆಯಲ್ಲಿ ಜಿಗಿದರೆ ಅದಕ್ಕೆ ಇರುವ ಮಾತು ಒಂದೇ, ಅಂಜಿಕೆ. ಏನನ್ನೋ ಕಂಡು ಹೆದರಿದೆ ಅಂತ ಅರ್ಥ. ಮದ್ದೂ ಒಂದೇ. ದರ್ಗಾಕ್ಕೆ ಒಯ್ದು ಊದಿಸಿ ಕೊರಳಿಗೆ ಕರಿದಾರ ಕಟ್ಟಿಸುವುದು. ಹಿಂದೂಗಳು ಮುಸಲ್ಮಾನರು ಎಲ್ಲರೂ ಅದನ್ನೇ ಮಾಡುತ್ತಾರೆ. ನನ್ನ ತಲೆಯಲ್ಲಿ ಓದಿದ್ದೆಲ್ಲ ಇತ್ತು. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಅತ್ತೆಯ ಮಾತು. ಸುರೇಖಾ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾರ, ರಫೀ ನಿದ್ದ್ಯಾಗ ಭಾಳ ಅಂಜಾಕತ್ತಾನ್ರಿ. ಸಾಲ್ಯಾಗ ಏನರ ಆಗಿತ್ತೇನು?"

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

"ಗೇಟಿನ ಕಡೆ ಒಂದು ನಾಯಿ ಬಂದಿತ್ತು ನೋಡವಾ," ಅಂದಳು. "ಅದನ್ನ ನೋಡಿ ಅಂಜಿರಬೇಕು. ಊದಿಸ್ಕೊಂಡು ಬಾ. ಛಲೋ ಆಗ್ತಾನ."

ಊದಿಸಿಕೊಂಡು ಬಂದೆವು. ಎರಡು ತಾಸು ಹೋಯಿತು. ದರ್ಗಾದಿಂದ ಬಂದು ಇಳಿಸಿದಾಗ ಅವನ ಕಾಲು ನಿಲ್ಲಲಿಲ್ಲ. ವಾಂತಿಯಾಯಿತು. ಕೈಕಾಲು ತಣ್ಣಗೆ, ಉಸಿರು ಓಡುತ್ತಿತ್ತು. ಆಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ ಹೊರಟೆವು. ಕುಕನೂರು ದಾಟಿದ ಮೇಲೆ ಅವನ ಬಾಯಲ್ಲಿ ಗುಲಾಬಿ ಬಣ್ಣದ ನೊರೆ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ನನಗಿಂತ ಚಿಕ್ಕವರು. ಕೆಲಸ ಮಾಡುತ್ತಲೇ ಕೇಳಿದರು. "ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದನಾ?"

"ಅಂಜುತ್ತಿದ್ದ," ಅಂದೆ.

"ಅಂಜುತ್ತಿದ್ದನೋ, ಬೆಚ್ಚುತ್ತಿದ್ದನೋ?"

ಕೊಡಬೇಕಾದ ಉತ್ತರ ಅಷ್ಟರಲ್ಲಿ ನನಗೆ ತಿಳಿದಿತ್ತು.

ಏಳೂವರೆಗೆ ಮುಗಿಯಿತು. ಆಮೇಲೆ ಅವರು ನನ್ನನ್ನು ಕೂರಿಸಿ ಹೇಳಿದರು. ಕೈ ಕಾಲು ಬಾಯಿ ರೋಗ. ಬಹುತೇಕ ಮಕ್ಕಳು ಒಂದು ವಾರದಲ್ಲಿ ಆಡಿಕೊಂಡಿರುತ್ತಾರೆ. ಎಲ್ಲೋ ಒಬ್ಬರಿಗೆ ವೈರಸ್ಸು ಮೆದುಳಿನ ಬುಡಕ್ಕೆ ಇಳಿಯುತ್ತದೆ. ಉಸಿರನ್ನೂ ಎದೆಬಡಿತವನ್ನೂ ನಡೆಸುವ ಜಾಗ ಅದು. ಅದು ಕೆಟ್ಟರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಬೆಚ್ಚುವುದು ಮೊದಲ ಗುರುತು. "ಆಗಲೇ ಬಂದಿದ್ದರೆ ಉಳಿಯುತ್ತಿದ್ದ ಅಂತ ನಾನು ಹೇಳಲಾರೆ," ಅಂದರು. "ಹೊತ್ತು ಸಿಗುತ್ತಿತ್ತು."

ಎರಡು ತಾಸು.

ಮಂಗಳವಾರ ಮಧ್ಯಾಹ್ನ ಹುಲಗೆಮ್ಮ ಬಂದಳು. ಸಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ. ರಫೀಯ ನೀರಿನ ಬಾಟಲಿಯನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಸಾಲೆಯಲ್ಲಿ ಬಿಟ್ಟಿದ್ದ ಅವನ ಚಪ್ಪಲಿ ಒಂದು ಕಾಗದದಲ್ಲಿ ಸುತ್ತಿ ಕೈಯಲ್ಲಿತ್ತು. ಹೊಸ್ತಿಲ ಹೊರಗೇ ಕೂತಳು.

"ಒಳಗ ಬಾ ಹುಲಗವ್ವ," ಅಂದರು ಅತ್ತೆ.

"ಇರ್ಲಿ ಬಿಡ ಕಾಸೀಮಕ್ಕ. ಒಳಗ ಬಂದ್ರ ಅಳ್ತೀನಿ. ಇಲ್ಲಾದ್ರ ಬಿಸಿಲಿಗೆ ಕಣ್ಣಾಗ ನೀರು ಬಂದಾವ ಅಂತ ಹೇಳಬಹುದು." ಸೆರಗಿನಿಂದ ಮೂಗು ಒರೆಸಿಕೊಂಡಳು. "ದಿನಾ ಕೇಳಾಂವ. ಹುಲಗೆಮ್ಮ, ನಿನ್ನ ಹುಲಿ ಎಲ್ಲೈತಿ ಅಂತ. ಒಂದಿನ ಹುಲಿ ಚಾ ಕುಡ್ಯಾಕ ಹೋಗೇತಿ ಅಂದೆ. ಒಂದಿನ ಕಟಿಂಗಿಗೆ ಹೋಗೇತಿ ಅಂದೆ. ಹುಲಿ ಕಟಿಂಗ್ ಮಾಡಿಸಿದ್ರ ಬೆಕ್ಕು ಆಗ್ತೈತಿ, ಬ್ಯಾಡಾ ಅಂತ ಹೇಳು ಅಂದ."

ಅತ್ತೆ ನಕ್ಕರು. ಐದು ದಿನದಲ್ಲಿ ಮೊದಲ ಸಲ. ನಕ್ಕು, ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ನಾನು ಚಪ್ಪಲಿಯ ಸುತ್ತು ಬಿಚ್ಚಿದೆ. ಸುತ್ತಿದ್ದ ಕಾಗದದ ಮೇಲೆ ಕನ್ನಡದಲ್ಲಿ ಅಚ್ಚಾಗಿತ್ತು. ಕೈ ಕಾಲು ಬಾಯಿ ರೋಗ, ಪಾಲಕರಿಗೆ ಸೂಚನೆ. ಕೆಳಗೆ ದಪ್ಪ ಅಕ್ಷರದಲ್ಲಿ: ನಿದ್ದೆಯಲ್ಲಿ ಪದೇ ಪದೇ ಬೆಚ್ಚಿ ಬಿದ್ದರೆ, ನಡೆಯುವಾಗ ತೂರಾಡಿದರೆ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆತನ್ನಿ. ಅಂಚಿನಲ್ಲಿ ಪೆನ್ನಿನಲ್ಲಿ ಬರೆದಿತ್ತು: ಅಕ್ಕಾರ, ಬೋರ್ಡಿಗೆ ಹಚ್ಚಿರಿ. ವಿರುಪಾಕ್ಷಿ. ಅದರ ಕೆಳಗೆ ತಾರೀಖು. ರಫೀ ಸಾಯುವುದಕ್ಕೆ ಒಂಬತ್ತು ದಿನ ಮೊದಲಿನದು.

"ಈ ಕಾಗದ ಎಲ್ಲಿದು ಹುಲಗೆಮ್ಮ?"

"ಅದಾ? ಅಕ್ಕಾರ ಮೇಜಿನ ಖಣದಾಗಿನ ರದ್ದಿ. ಚಪ್ಪಲಿ ಸುತ್ತಾಕ ಒಂದು ಕಾಗದ ಕೊಡ್ರಿ ಅಂದೆ. ಖಣಾ ತಗದು ಕೊಟ್ರು, ನೋಡ್ಲೂ ಇಲ್ಲ." ನನ್ನ ಮುಖ ನೋಡಿ ದನಿ ಇಳಿಸಿದಳು. "ಯಾಕವಾ, ಏನೈತಿ ಅದರಾಗ?"

"ವಿರುಪಾಕ್ಷಿ ಯಾರು?"

"ಬಸ್ ಡ್ರೈವರ್ ವಿರುಪಾಕ್ಷಪ್ಪ. ಅವನ ಮಗಳಿಗೂ ಗುಳ್ಳಿ ಎದ್ದಿದ್ವು. ಕೊಪ್ಪಳದಾಗ ತೋರಿಸಿ ಒಂದು ಕಾಗದ ತಂದಿದ್ದ. ಅಕ್ಕಾರು ಓದಿದ್ರು. ಈಗ ಹಚ್ಚಿದ್ರ ಮಂದಿ ಅಂಜತಾರ, ಹೊಸ ಖೋಲಿ ಉದ್ಘಾಟನಿ ಆಗಲಿ, ಆಮ್ಯಾಲೆ ಹಚ್ಚೂಣು ಅಂದ್ರು." ಹುಲಗೆಮ್ಮ ಓದು ಬಾರದವಳು. ಆದರೂ ಕಾಗದವನ್ನು ಬಗ್ಗಿ ನೋಡಿದಳು. "ಇದಾ ಏನು ಅದು?"

"ಇದಾ."

ಅವಳು ಚಪ್ಪಲಿಗಳನ್ನು ಜೋಡಿಸಿ ಹೊಸ್ತಿಲ ಪಕ್ಕಕ್ಕೆ ಇಟ್ಟಳು. ಆಮೇಲೆ ಎದ್ದು ನಿಂತು, ತಲೆ ಬಗ್ಗಿಸಿ, ತಾನು ಬಂದ ಕೆಲಸ ಹೇಳಿದಳು. "ನನಗ ಬೈಬ್ಯಾಡ. ಅಕ್ಕಾರು ಗಿಣಿ ಇಸ್ಕೊಂಡ ಬಾ ಅಂದಾರ. ಸಿದ್ದು ಹನುಮಸಾಗರದಿಂದ ಬಂದಾನ. ಗಿಣಿ ಗಿಣಿ ಅಂತ ಊಟಾ ಬಿಟ್ಟಾನ."

"ಯಾವಾಗ ಹೋಗಿದ್ದ ಅವನು?"

"ಆ ಕಾಗದ ಬಂದ ಮರುದಿನಾ. ಅಜ್ಜಿ ಮನಿಗೆ."

ಮರುದಿನವೇ. ತನ್ನ ಮಗನನ್ನು ಕಳಿಸಿ, ನಮಗೆ ಎಳನೀರು ಕುಡಿಸಿರಿ ಅಂದಿದ್ದಳು. ನಾನು ಫೋನ್ ಮಾಡಿದಾಗ ಕಾಗದ ಆ ಖಣದಲ್ಲಿತ್ತು. ಫ್ಯಾನಿನ ಸದ್ದು ಕೇಳಿದ ಅಷ್ಟು ಹೊತ್ತು ಅವಳಿಗೆ ಅದು ನೆನಪಿತ್ತು. ಆಮೇಲೆ ನಾಯಿಯ ಮಾತು ಹೇಳಿದಳು.

"ಗಿಣಿ ನಾನಾ ತಂದು ಕೊಡ್ತೀನಂತ ಹೇಳು," ಅಂದೆ. "ಗುರುವಾರ, ಉದ್ಘಾಟನಿ ಕಾರ್ಯಕ್ರಮಕ್ಕ."

ಅವಳು ಹೋದ ಮೇಲೆ ಕಪಾಟಿನಿಂದ ಚೀಲ ಇಳಿಸಿದೆ. ಗಂಟು ಬಿಚ್ಚಲಿಲ್ಲ; ಪ್ಲಾಸ್ಟಿಕ್ಕಿನ ಮೂಲಕವೇ ಕಾಣುತ್ತಿತ್ತು. ಕೊಕ್ಕಿನ ಮೇಲೆ ಜೊಲ್ಲು ಒಣಗಿ ಬೆಳ್ಳಗಾಗಿತ್ತು. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಸುಲಭಕ್ಕೆ ಸಾಯುವುದಿಲ್ಲ. ಆಟಿಕೆಗಳ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಸಿದ್ದಾರ್ಥನಿಗೆ ಇನ್ನೂ ತಗುಲಿಲ್ಲ. ಅವನೂ ಎಲ್ಲವನ್ನೂ ಬಾಯಿಗೆ ಹಾಕುವವನೇ.

ನಾನು ಮಾಡಬೇಕಾದದ್ದು ಏನೂ ಇರಲಿಲ್ಲ. ಇದ್ದ ಹಾಗೆ ಕೊಡುವುದು. ಸುರೇಖಾ ಅಕ್ಕನೂ ಏನೂ ಮಾಡಿರಲಿಲ್ಲ. ಒಂದು ಕಾಗದವನ್ನು ಖಣದಲ್ಲಿ ಇಟ್ಟಿದ್ದಳು, ಅಷ್ಟೇ. ನಾನು ಒಂದು ಗಿಣಿಯನ್ನು ತೊಳೆಯದೆ ಕೊಟ್ಟರೆ ಯಾವ ಠಾಣೆಯಲ್ಲಿ ಯಾವ ಕಲಮು ಬೀಳುತ್ತದೆ? ಆಮೇಲೆ ಒಂದು ಮಧ್ಯಾಹ್ನ ಅವಳು ನನಗೆ ಫೋನ್ ಮಾಡಬೇಕು. ಜಾಸ್ಮೀನಾ, ನೀ ಕಲಿತಾಕಿ, ಸಿದ್ದು ನಿದ್ದ್ಯಾಗ ಜಿಗಿಯಾಕತ್ತಾನ, ಏನಿದ್ದೀತು ಅಂತ ಕೇಳಬೇಕು. ನಾನು ಸ್ವಲ್ಪ ಹೊತ್ತು ಸುಮ್ಮನಿರಬೇಕು. ನಮ್ಮ ಮನೆಯ ಫ್ಯಾನಿನ ಸದ್ದು ಅವಳಿಗೆ ಕೇಳಬೇಕು. ಆಮೇಲೆ ಅಂಜಿರಬೇಕು ಬಿಡ್ರಿ ಅಕ್ಕಾರ ಅನ್ನಬೇಕು.

ಮಂಗಳವಾರ ರಾತ್ರಿಯವರೆಗೆ ಅದನ್ನೇ ಮನಸ್ಸಿನಲ್ಲಿ ಆಡಿಕೊಂಡೆ. ಬುಧವಾರ ಬೆಳಿಗ್ಗೆಯೂ. ನಿಜ ಹೇಳಬೇಕೆಂದರೆ ಅದೊಂದೇ ನನ್ನನ್ನು ಏಳಿಸಿತು, ರೊಟ್ಟಿ ತಟ್ಟಿಸಿತು, ಸ್ನಾನ ಮಾಡಿಸಿತು.

ಬುಧವಾರ ಹತ್ತು ಗಂಟೆಗೆ ಅತ್ತೆ ಕಪಾಟಿನ ಮೇಲಿನ ಚೀಲ ಕಂಡರು.

"ಯಾರದದು?"

"ಸಿದ್ದಾರ್ಥಂದು. ನಾಳೆ ಕೊಡ್ತೀನಿ."

"ಅಮಾನತ್ ಅದು," ಅಂದರು. "ಸತ್ತವರ ಮ್ಯಾಲೆ ಮಂದಿ ಅಮಾನತ್ ಉಳೀಬಾರದು. ಹೆಂಗ ತಗೊಂಡಿದ್ನೋ ಹಂಗಾ ಕೊಡಬೇಕು. ಇಲ್ಲಾಂದ್ರ ಕೂಸಿಗೆ ಅಲ್ಲಿ ಕೇಳ್ತಾರ."

ನನಗೆ ಅಮಾನತು ಎಂದರೆ ಪೇಪರಿನಲ್ಲಿ ಬರುವ ಮಾತು. ಅಧಿಕಾರಿ ಅಮಾನತು, ಶಿಕ್ಷಕ ಅಮಾನತು. ಸುರೇಖಾ ಅಕ್ಕನ ಹೆಸರಿನ ಮುಂದೆ ನಾನು ನಿನ್ನೆಯಿಂದ ಅದೇ ಮಾತನ್ನು ಇಟ್ಟು ನೋಡಿದ್ದೆ. ಅತ್ತೆಗೆ ಅಮಾನತ್ ಎಂದರೆ ನಂಬಿ ಕೈಗೆ ಕೊಟ್ಟ ವಸ್ತು.

"ಹೆಂಗ ತಗೊಂಡಿದ್ನೋ ಹಂಗಾ," ಎಂದು ಮತ್ತೆ ಅಂದರು. "ಕೂಸಿನ ಅಮಾನತ್ ಕೂಸಿಗೇ."

ರಫೀ ತೆಗೆದುಕೊಂಡಾಗ ಗಿಣಿಯಲ್ಲಿ ರೋಗ ಇರಲಿಲ್ಲ. ಅದನ್ನು ಕೊಟ್ಟವನು ಸುರೇಖಾ ಅಲ್ಲ, ಸಿದ್ದು. ಇದು ನನಗೆ ಬೇಕಾದ ಲೆಕ್ಕವಲ್ಲ. ಆದರೂ ಲೆಕ್ಕ ಹಾಗೇ ಬಂತು.

ಕೈಗವಸು ಹಾಕಿಕೊಂಡೆ. ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲೆಸಿದೆ. ಕಾಲೇಜಿನಲ್ಲಿ ಮಕ್ಕಳಿಗೆ ಹೇಳಿಕೊಡುವ ಪ್ರಮಾಣಕ್ಕಿಂತ ಹೆಚ್ಚು. ಗಿಣಿಯನ್ನು ಕೈಯಲ್ಲಿ ಹಿಡಿದು ತುಸು ಹೊತ್ತು ನಿಂತೆ. ಕಿನ್ನಾಳದವರು ಹಗುರ ಕಟ್ಟಿಗೆಯ ಮೇಲೆ ಹುಣಸೆಬೀಜ ಅರೆದ ಅಂಟಿನ ಸರಿ ಮೆತ್ತಿ, ಅದು ಒಣಗಿದ ಮೇಲೆ ಬಣ್ಣ ಹಚ್ಚುತ್ತಾರೆ. ನೀರಿಗೆ ಬಿಟ್ಟರೆ ಸರಿ ಕರಗುತ್ತದೆ. ಕೊಕ್ಕಿನ ತುದಿ ಪೂರ್ತಿ ಆ ಸರಿಯದೇ. ಹಲ್ಲಿನ ಗುರುತು ಇದ್ದದ್ದು ಅದರ ಮೇಲೆ.

ರಫೀಯ ಬಟ್ಟೆಗಳನ್ನು ಕೊಟ್ಟಾಗಿತ್ತು. ಫೋಟೋಗಳಲ್ಲಿ ಅವನು ಬಾಯಿ ಮುಚ್ಚಿಕೊಂಡೇ ಇರುತ್ತಾನೆ. ಹಲ್ಲು ಕಾಣುವ ಒಂದೂ ಫೋಟೋ ಇಲ್ಲ.

ಮುಳುಗಿಸಿದೆ.

ಮೊದಲು ಹಸಿರು ಬಿಟ್ಟಿತು, ಆಮೇಲೆ ಬಂಗಾರದ ಗೆರೆ, ಆಮೇಲೆ ಕೆಂಪು. ಸಂಜೆಯವರೆಗೆ ಹಾಗೇ ಬಿಟ್ಟೆ. ತೆಗೆದಾಗ ಬೋಳು ಕಟ್ಟಿಗೆ ಇತ್ತು. ಕೊಕ್ಕು ಇರಲಿಲ್ಲ. ಬಕೆಟ್ಟಿನ ತಳದಲ್ಲಿ ಕೆಸರಿನಂಥದ್ದು ಕೂತಿತ್ತು. ಅದನ್ನು ಚೆಲ್ಲಿದೆ. ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ಈಗ ಅದಕ್ಕೆ ಆ ಹಲ್ಲಿನ ಗುರುತಿನ ಬಾಕಿಯೂ ಸೇರಿತ್ತು.

ಗುರುವಾರ ಹತ್ತಕ್ಕೆ ಸಾಲೆಗೆ ಹೋದೆ. ಹೊಸ ಖೋಲಿಯ ಬಾಗಿಲಿಗೆ ಚೆಂಡುಹೂವಿನ ಮಾಲೆ. ಅಂಗಳದಲ್ಲಿ ಬಾಡಿಗೆ ಕುರ್ಚಿ, ತಾಯಂದಿರು, ತಂದೆಯರು, ಮಡಿಲಲ್ಲಿ ಮಕ್ಕಳು. ಅತಿಥಿಗಳು ಇನ್ನೂ ಬಂದಿರಲಿಲ್ಲ. ಸುರೇಖಾ ಅಕ್ಕ ರೇಷ್ಮೆ ಸೀರೆಯಲ್ಲಿ ಎದುರು ಬಂದು ನನ್ನ ಎರಡೂ ಕೈ ಹಿಡಿದಳು.

"ಬಾರವಾ ಜಾಸ್ಮೀನ. ಬಂದಿದ್ದು ಛಲೋ ಆತು. ಮನ್ಯಾಗಾ ಕುಂತ್ರ ಮನಸ್ಸು ಕೆಡ್ತೈತಿ."

"ವಿರುಪಾಕ್ಷಿಯವರು ಬಂದಾರೇನ್ರಿ?" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಎರಡನೇ ಸಾಲಿನಲ್ಲಿ ಖಾಕಿ ಅಂಗಿಯವರು ಎದ್ದು ನಿಂತರು. ಪಕ್ಕದಲ್ಲಿ ಆಟೋದಲ್ಲಿ ಕಂಡ, ಸಿಪ್ಪೆ ಕೀಳುವ ಆ ಹುಡುಗಿ. ನಾನು ಕಾಗದವನ್ನು ಅವರ ಕೈಗೆ ಕೊಟ್ಟೆ.

"ಇದು ನಿಮ್ಮ ಅಕ್ಷರ ಹೌದಲ್ರಿ?"

ಅವರು ಓದಿದರು. ಅದರ ಮಡಿಕೆಗಳನ್ನು ನೋಡಿದರು. "ಹೌದು. ಬೋರ್ಡಿಗೆ ಹಚ್ಚಾಕ ಕೊಟ್ಟಿದ್ದೆ." ನಿಧಾನಕ್ಕೆ ತಲೆ ಎತ್ತಿ ಬೋರ್ಡಿನ ಕಡೆ ನೋಡಿದರು. ಬೋರ್ಡಿನ ಮೇಲೆ ಇವತ್ತಿನ ಕಾರ್ಯಕ್ರಮದ ಪಟ್ಟಿ ಇತ್ತು. "ಅಕ್ಕಾರ, ಹಚ್ಚಲಿಲ್ಲೇನ್ರಿ?"

"ಕೆಲಸದ ಗದ್ಲದಾಗ ಮರತೆ ವಿರುಪಾಕ್ಷಪ್ಪ," ಅಂದಳು ಸುರೇಖಾ ಅಕ್ಕ. "ಕಾರ್ಯಕ್ರಮ ಮುಗೀಲಿ, ಕುಂತು ಮಾತಾಡೂಣು."

"ಮರತ್ರೇನು," ಅಂದರು ಅವರು. ದನಿ ಏರಿಸಲಿಲ್ಲ. ಕಾಗದವನ್ನು ಹಿಂದಿನ ಕುರ್ಚಿಯ ಹೆಂಗಸಿಗೆ ದಾಟಿಸಿದರು. ಆಕೆ ಓದಿ ಮಗನ ಅಂಗೈ ಬಿಡಿಸಿ ನೋಡಿದಳು. ಕಾಗದ ಮುಂದಿನವರಿಗೆ ಹೋಯಿತು.

ಅಷ್ಟರಲ್ಲಿ ಸಿದ್ದಾರ್ಥ ಓಡಿ ಬಂದ. ಹೊಸ ಅಂಗಿ, ಹಣೆಗೆ ಕುಂಕುಮ. ನಾನು ಅವನ ಎತ್ತರಕ್ಕೆ ಕೂತೆ.

"ಹನುಮಸಾಗರದಾಗ ಏನು ಮಾಡಿದ್ಯೋ ಸಿದ್ದು?"

"ಕರು ಐತಿ ಅಲ್ಲಿ. ನನಗ ನೆಕ್ಕಿತು."

"ಸಾಲಿ ಬಿಟ್ಟು ಯಾಕ ಹೋಗಿದ್ದಿ?"

"ಇಲ್ಲಿದ್ರ ಗುಳ್ಳಿ ಹತ್ತತಾವ ಅಂದ್ಲು ಅವ್ವ," ಅಂದ. "ನನಗ ಹತ್ಲಿಲ್ಲ." ಎರಡೂ ಅಂಗೈ ಬಿಡಿಸಿ ತೋರಿಸಿದ. ನನಗೆ ತೋರಿಸಿ, ತಿರುಗಿ ಕೂತವರಿಗೆಲ್ಲ ತೋರಿಸಿದ. ಸ್ವಚ್ಛವಾಗಿದ್ದವು.

ಯಾರೂ ಕೂಗಲಿಲ್ಲ. ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಆಮೇಲೆ ಇನ್ನೊಂದು. ಮಕ್ಬುಲಸಾಬ ಆಟೋದ ಕಡೆ ನಡೆದು, ತಾವು ಕರೆತರುವ ಮಕ್ಕಳನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯತೊಡಗಿದರು. ಹುಲಗೆಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಸುರೇಖಾ ಅಕ್ಕ ಮಗನ ಭುಜ ಹಿಡಿದಳು. ಖಾಲಿಯಾಗುತ್ತಿದ್ದ ಕುರ್ಚಿಗಳನ್ನು ಒಂದೊಂದಾಗಿ ನೋಡಿದಳು. ಅದನ್ನು ನಾನು ಪೂರ್ತಿ ನೋಡಿದೆ. ಅವಸರ ಮಾಡಲಿಲ್ಲ.

ಆಮೇಲೆ ಚೀಲದಿಂದ ಗಿಣಿ ತೆಗೆದೆ.

"ಇದು ರಫೀ ಕಡೆ ಇತ್ತು," ಅಂದೆ. "ಭಾಳ ಕಚ್ಚಿದ್ದ."

ಸಿದ್ದಾರ್ಥ ಕೈ ಚಾಚಿದ. ಸುರೇಖಾ ಅಕ್ಕ ಅವನ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಅವನನ್ನು ಸೀರೆಯೊಳಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ಕಾದೆ. ಫೋನಿನಲ್ಲಿ ಅವಳು ಸುಮ್ಮನಿದ್ದಳಲ್ಲ, ಅಷ್ಟು ಹೊತ್ತು.

"ಅಂಜಬ್ಯಾಡ್ರಿ ಅಕ್ಕಾರ," ಅಂದೆ. "ತೊಳದೀನಿ."

ಮುಂದೆ ಹೋಗಿ ಗಿಣಿಯನ್ನು ಸಿದ್ದಾರ್ಥನ ಕೈಯಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ, ಕೊಕ್ಕು ಹುಡುಕತೊಡಗಿದ.